ಲೈಸೆನ್ಸ್ ಇದ್ದ ನಾಲ್ಕು ಮೀಟರ್: ಕುಲಶೇಖರದ ಒಂದು ಬರೆ ಕುಸಿತದ ಪ್ರಕರಣ

ಈ ಪ್ರಕರಣ 2025ರ ಮೇ ತಿಂಗಳದ್ದು. ಜಾಗ ಮಂಗಳೂರಿನ ಕುಲಶೇಖರದಿಂದ ಶಕ್ತಿನಗರದ ಕಡೆ ಏರುವ ಗುಡ್ಡದ ಒಂದು ಓಣಿ. ನಾನು ನಗರಾಡಳಿತ ಕಚೇರಿಯೊಂದರ ನಗರ ಯೋಜನೆ ವಿಭಾಗದಲ್ಲಿ ಜೂನಿಯರ್ ಇಂಜಿನಿಯರ್. ಜನ ನಮ್ಮನ್ನು ಕರೆಯುವುದು 'ಟೌನ್ ಪ್ಲಾನಿಂಗ್‌ನವರು' ಅಂತ. ಕಟ್ಟಡದ ಲೈಸೆನ್ಸ್‌ಗೆ ಬಂದ ನಕ್ಷೆ ನೋಡುವುದು, ಜಾಗಕ್ಕೆ ಹೋಗಿ ಅಳೆಯುವುದು, ನಕ್ಷೆಗೂ ಕಟ್ಟಡಕ್ಕೂ ತಾಳೆ ಆಗದಿದ್ದರೆ ನೋಟಿಸ್ ತಯಾರು ಮಾಡುವುದು ನಮ್ಮ ಕೆಲಸ. ಸಹಿ ಮೇಲಿನವರದ್ದು, ಬೈಗುಳ ನಮ್ಮದು. ಇಲ್ಲಿ ಬರುವವರ ಹೆಸರು, ಸರ್ವೆ ನಂಬರ್ ಎಲ್ಲ ಬಿಟ್ಟಿದ್ದೇನೆ.

ಇದನ್ನು ಬರೆದಿಡಲು ಕಾರಣ ಇಷ್ಟೆ. ಬರೆ ಅಂದರೆ ಗುಡ್ಡ ಕಡಿದಾಗ ಬದಿಯಲ್ಲಿ ನಿಲ್ಲುವ ಮಣ್ಣಿನ ಗೋಡೆ. ಇಲ್ಲಿ ಗುಡ್ಡ ಕಡಿದದ್ದರಲ್ಲಿ ನಿಯಮ ಮುರಿದದ್ದು ಒಂದು ಮೀಟರಿನಷ್ಟು. ಅಪಾಯ ಇದ್ದದ್ದು ಅದರ ಮೇಲಿನ ನಾಲ್ಕು ಮೀಟರಿನಲ್ಲಿ. ಆ ನಾಲ್ಕು ಮೀಟರಿಗೆ ಲೈಸೆನ್ಸ್ ಇತ್ತು.

ದೂರು ಮತ್ತು ಕಡತ

ದೂರು ಕೊಟ್ಟದ್ದು ಮೇಲಿನ ಮನೆಯವರು. ಹಳೇ ಹಂಚಿನ ಮನೆ, ಕೆಂಪು ಕಲ್ಲಿನ ಗೋಡೆ, ಮುಂದೆ ಸಿಮೆಂಟ್ ಹಾಕಿದ ಅಂಗಳ. ಎಪ್ಪತ್ತು ದಾಟಿದ ಅಮ್ಮ, ಮಗ, ಸೊಸೆ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಕೆಳಗಿನ ಜಾಗದವರು ಲೈಸೆನ್ಸ್ ಇಲ್ಲದೆ ಗುಡ್ಡ ಅಗೆಯುತ್ತಿದ್ದಾರೆ ಅಂತ ಮಗ ಅರ್ಜಿ ಬರೆದಿದ್ದರು. ಏಪ್ರಿಲ್, ಮೇಯಲ್ಲಿ ಇಂಥ ಅರ್ಜಿ ರಾಶಿ ಬೀಳುತ್ತವೆ. ಮಳೆ ಹಿಡಿಯುವ ಮೊದಲು ಪಂಚಾಂಗ (ಅಡಿಪಾಯ) ಮುಗಿಸಬೇಕು ಅಂತ ಎಲ್ಲರಿಗೂ ಅರ್ಜೆಂಟ್. ಊರಿಡೀ ಹಿಟಾಚಿ ಸದ್ದು. ಎಷ್ಟೋ ಅರ್ಜಿಗಳ ಹಿಂದೆ ಹಳೇ ಗಡಿ ಜಗಳ ಇರುತ್ತದೆ, ಹಾಗಂತ ನೋಡದೆ ಬಿಡುವ ಹಾಗಿಲ್ಲ.

ಕಡತ ತೆಗೆದರೆ ಲೈಸೆನ್ಸ್ ಇತ್ತು. ಕೆಳಗೆ ವಾಹನ ನಿಲ್ಲಿಸುವ ಸ್ಟಿಲ್ಟ್, ಮೇಲೆ ಮೂರು ಮಹಡಿ, ಬಾಡಿಗೆಗೆ ಕೊಡುವ ಮನೆಗಳು. ಮಾಲೀಕರು ದುಬೈಯಲ್ಲಿ, ಇಲ್ಲಿ ನೋಡಿಕೊಳ್ಳುವುದು ಅವರ ಭಾವ. ಭೂ ಪರಿವರ್ತನೆ, ಖಾತಾ, ತೆರಿಗೆ ರಶೀದಿ ಎಲ್ಲ ಸರಿಯಾಗಿಯೇ ಉಂಟು. ಎಡಬದಿಗೆ ಒಂದೂವರೆ ಮೀಟರ್ ಸೆಟ್‌ಬ್ಯಾಕ್, ಅಂದರೆ ಗಡಿಗೂ ಕಟ್ಟಡಕ್ಕೂ ನಡುವೆ ಬಿಡುವ ಖಾಲಿ ಜಾಗ, ತೋರಿಸಿದ್ದರು. ಅಂದರೆ ದೂರಿನಲ್ಲಿ ಹೇಳಿದ ಅಕ್ರಮ ಇಲ್ಲ.

ಆದರೆ ನಕ್ಷೆಯ ಸೆಕ್ಷನ್ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸೆಕ್ಷನ್ ಅಂದರೆ ಕಟ್ಟಡವನ್ನು ಒಂದು ಗೆರೆಯಲ್ಲಿ ಸೀಳಿ ಬದಿಯಿಂದ ನೋಡಿದ ಚಿತ್ರ. ಇಲ್ಲಿ ಆ ಗೆರೆಯನ್ನು ರಸ್ತೆಯಿಂದ ಹಿಂದಕ್ಕೆ ಎಳೆದಿದ್ದರು. ಜಾಗ ಇಳಿಜಾರಾಗಿದ್ದದ್ದು ಎಡದಿಂದ ಬಲಕ್ಕೆ. ಹಾಗಾಗಿ ಚಿತ್ರದಲ್ಲಿ ನೆಲದ ಗೆರೆ ಮುಂದಿನಿಂದ ಹಿಂದಿನವರೆಗೂ ಚಪ್ಪಟೆ. ಗೆರೆಯನ್ನು ಅಡ್ಡಕ್ಕೆ ಎಳೆದಿದ್ದರೆ ಎಡ ತುದಿಯಲ್ಲಿ ನಾಲ್ಕು ಮೀಟರ್ ಎತ್ತರದ ಮಣ್ಣು, ಅದರ ಮೇಲೆ ಇನ್ನೊಬ್ಬರ ಮನೆ, ಎರಡೂ ಕಾಣುತ್ತಿದ್ದವು. ನಕ್ಷೆಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಕೇಳಿದ ಎಲ್ಲವೂ ಇತ್ತು. ಪಕ್ಕದವರ ನೆಲ ಎಷ್ಟು ಎತ್ತರದಲ್ಲಿದೆ ಅಂತ ಅರ್ಜಿ ನಮೂನೆ ಕೇಳುವುದಿಲ್ಲ, ಇವರು ಹೇಳಿಲ್ಲ.

ಜಾಗದಲ್ಲಿ ಕಂಡದ್ದು

ಹೋಗಿ ನೋಡಿದರೆ ಎಡಬದಿಯ ಬರೆ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಸೆಟ್‌ಬ್ಯಾಕ್‌ನಲ್ಲಿ ಒಂದು ಬುಟ್ಟಿ ಮಣ್ಣೂ ಉಳಿಸಿರಲಿಲ್ಲ. ಗಡಿ ಕಲ್ಲಿನ ವರೆಗೆ ಕಡಿದಿದ್ದರು. ಮೇಲಿನವರ ಕಂಪೌಂಡ್ ಗೋಡೆ ಸರಿಯಾಗಿ ಅಂಚಿನಲ್ಲೇ ಇತ್ತು. ಅಲ್ಲಿಂದ ಅವರ ಮನೆ ಗೋಡೆಗೆ ಸುಮಾರು ಮೂರು ಮೀಟರ್.

ಆಳ ಅಳೆಯುವುದಕ್ಕೆ ಮೇಸ್ತ್ರಿಯ ನೀರಿನ ಪೈಪ್ ಇಸ್ಕೊಂಡೆ. ಪಾರದರ್ಶಕ ಪೈಪಿನ ಒಂದು ತುದಿ ರಸ್ತೆಯ ಅಂಚಿನಲ್ಲಿ, ಇನ್ನೊಂದು ಹೊಂಡದೊಳಗೆ ನಿಲ್ಲಿಸಿದ ಕೋಲಿನಲ್ಲಿ. ನೀರು ನಿಂತ ಕಡೆ ಕೋಲಿಗೆ ಸೀಮೆಸುಣ್ಣದ ಗೀರು. ಗೀರಿನಿಂದ ಹೊಂಡದ ನೆಲಕ್ಕೆ ಟೇಪ್ ಹಿಡಿದರೆ ಒಂದು ಮೀಟರ್ ಬಂತು. ನಕ್ಷೆಯಲ್ಲಿ ಸ್ಟಿಲ್ಟ್ ನೆಲ ಇದ್ದದ್ದು ರಸ್ತೆಯ ಮಟ್ಟಕ್ಕೆ. ಅಂದರೆ ಮೇಲಿನ ಅಂಗಳದಿಂದ ಹೊಂಡದ ತಳಕ್ಕೆ ಒಟ್ಟು ಐದು ಮೀಟರ್, ಹದಿನಾರು ಅಡಿ. ಅಳತೆ ಬರೆದು ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಹತ್ತಿರ ಸಹಿ ಹಾಕಿಸಿಕೊಂಡೆ, ಟೇಪ್ ಕಾಣುವ ಹಾಗೆ ಫೋಟೋ ತೆಗೆದೆ. ಇಂಥ ಸಹಿ ಆ ದಿನವೇ ಸಿಗಬೇಕು. ಮರುದಿನ ಯಾರೂ ಹಾಕುವುದಿಲ್ಲ.

ಇನ್ನು ಮಣ್ಣಿನ ವಿಷಯ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಮುರಕಲ್ಲು (ಗೋಡೆ ಕಟ್ಟುವ ಕೆಂಪು ಕಲ್ಲು), ಅದರ ಕೆಳಗೆ ಶೇಡಿ ಮಣ್ಣು. ಮುರಕಲ್ಲು ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಕಲ್ಲಿನ ಕೋರೆಗಳು ವರ್ಷಗಟ್ಟಲೆ ಹಾಗೇ ನಿಂತದ್ದನ್ನು ನೋಡಿ ನೋಡಿ ನಮ್ಮವರಿಗೆ ಬರೆಯ ಮೇಲೆ ಜಾಸ್ತಿ ನಂಬಿಕೆ. ಶೇಡಿಯ ಸ್ವಭಾವ ಬೇರೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ನಯವಾದ ಮಣ್ಣು. ಒಣಗಿದಾಗ ಗುದ್ದಲಿಗೂ ಗಟ್ಟಿ. ನೀರು ಕುಡಿದರೆ ಬಲವೆಲ್ಲ ಹೋಗಿ ಜಾರುತ್ತದೆ. ಕುಲಶೇಖರದ ರೈಲ್ವೆ ಕಟ್ಟಿಂಗ್‌ನಲ್ಲಿ ಮಳೆಗಾಲದಲ್ಲಿ ಮಣ್ಣು ಹಳಿ ಮೇಲೆ ಬಂದದ್ದು ಇಲ್ಲಿಯವರಿಗೆಲ್ಲ ಗೊತ್ತು.

ಈ ಬರೆಯಲ್ಲಿ ಮೇಲಿನ ಎರಡು ಮೀಟರ್ ಮುರಕಲ್ಲು, ಕೆಳಗಿನ ಮೂರು ಮೀಟರ್ ಶೇಡಿ. ಎರಡೂ ಸೇರುವ ಗೆರೆಯಲ್ಲಿ ಒಂದು ಕಡೆ ಕಪ್ಪಗೆ ತೇವ ಇತ್ತು. ಹೆಬ್ಬೆರಳು ಒತ್ತಿದರೆ ಉಗುರು ಮುಳುಗುವಷ್ಟು ಒಳಗೆ ಹೋಯಿತು. ಮೇ ತಿಂಗಳ ಬಿಸಿಲಲ್ಲಿ ಎಲ್ಲಿಯ ನೀರು? ಮೇಲೆ ಹತ್ತಿ ನೋಡಿದಾಗ ಗೊತ್ತಾಯಿತು. ಮನೆಯ ಬಚ್ಚಲ ನೀರಿನ ಇಂಗುಗುಂಡಿ ಬರೆಯ ಅಂಚಿನಿಂದ ಎರಡು ಮೀಟರ್ ದೂರದಲ್ಲಿ ಇತ್ತು.

ಅಂಗಳದಲ್ಲಿ ಒಂದು ಬಿರುಕು ಕಂಪೌಂಡಿಗೆ ಸಮಾನಾಂತರವಾಗಿ ಹೋಗಿತ್ತು. ಸಿಮೆಂಟ್ ಅಂಗಳ ಬಿಸಿಲಿಗೆ ಬಿರಿಯುವುದು ಸಹಜ, ಆದರೆ ಆ ಬಿರುಕು ಅಡ್ಡಾದಿಡ್ಡಿ ಇರುತ್ತದೆ. ಅಂಚಿಗೆ ಸಮಾನಾಂತರವಾಗಿ ನೇರ ಹೋಗುವ ಬಿರುಕು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಅಡ್ಡವಾಗಿ ಮೂರು ಕಡೆ ತೆಳ್ಳಗೆ ಸಿಮೆಂಟ್ ಪಟ್ಟಿ ಹಾಕಿಸಿ, ಹಸಿ ಇರುವಾಗಲೇ ಮೊಳೆಯಿಂದ ತಾರೀಕು ಗೀಚಿದೆ. ಪಟ್ಟಿ ಒಡೆದರೆ ನೆಲ ಚಲಿಸುತ್ತಿದೆ ಅಂತ ಲೆಕ್ಕ.

ಕಂಟ್ರಾಕ್ಟರ್ ಬಂದರು.

"ಸರ್, ಲೈಸೆನ್ಸ್ ಉಂಟಲ್ಲ. ನಕ್ಷೆ ಪ್ರಕಾರವೇ ಮಾಡಿದ್ದು."

"ನಕ್ಷೆಯಲ್ಲಿ ಪಾರ್ಕಿಂಗ್ ರಸ್ತೆ ಲೆವೆಲ್‌ಗೆ ಉಂಟು. ಇದು ಒಂದು ಮೀಟರ್ ಕೆಳಗೆ ಹೋಗಿದೆ."

"ಮಣ್ಣು ಮೆತ್ತಗೆ ಸಿಕ್ಕಿತು ಮಾರಾಯ್ರೆ. ಗಟ್ಟಿ ನೆಲ ಸಿಗುವವರೆಗೆ ಹೋದದ್ದು."

ಮೆತ್ತಗೆ ಸಿಕ್ಕಿದರೆ ಕಂಬಗಳ ಗುಂಡಿ ಆಳ ಮಾಡಬೇಕು. ಇಡೀ ಜಾಗ ಯಾಕೆ ತಗ್ಗಿಸಬೇಕು? ಕಾರಣ ಟಿಪ್ಪರ್‌ಗಳಲ್ಲಿ ಇತ್ತು. ತಗ್ಗು ಜಾಗ ತುಂಬಿಸುವವರಿಗೆ ಮಣ್ಣು ಬೇಕು, ಅದಕ್ಕೆ ಲೋಡಿಗೆ ಇಷ್ಟು ಅಂತ ದುಡ್ಡು. ಒಂದು ಮೀಟರ್ ಜಾಸ್ತಿ ಅಗೆದರೆ ಅಗೆದ ಖರ್ಚೂ ಹುಟ್ಟುತ್ತದೆ, ಮೇಲೆ ಸ್ವಲ್ಪ ಉಳಿಯುತ್ತದೆ. ಮಣ್ಣು ಸಾಗಾಟ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದ್ದು. ವರದಿಯಲ್ಲಿ ಅದಕ್ಕೆ ಒಂದು ಸಾಲು ಬರೆದು ಬಿಟ್ಟೆ.

ಕಂಟ್ರಾಕ್ಟರ್ ಹತ್ತಿರ ಅವರದ್ದೇ ಒಂದು ಪರಿಹಾರವೂ ಇತ್ತು. "ಒಂದು ಕೆಂಪು ಕಲ್ಲಿನ ಗೋಡೆ ಎಬ್ಬಿಸುವ ಸರ್. ಮಳೆ ಬರುವ ಮೊದಲು ಮುಗಿಸಿ ಕೊಡ್ತೇನೆ."

ಇದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಒಂಬತ್ತು ಇಂಚಿನ ಕಲ್ಲಿನ ಗೋಡೆ ಅಡ್ಡ ಕಟ್ಟಿದರೆ ಮಣ್ಣು ನಿಂತಿತು ಅಂತ. ಐದು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿದರೆ, ಮಣ್ಣಿನ ಒತ್ತಡ ಬಿಟ್ಟು ನೀರಿನದ್ದೇ ಒತ್ತಡ ಪ್ರತಿ ಮೀಟರ್ ಉದ್ದಕ್ಕೆ 12 ಟನ್‌ಗಿಂತ ಜಾಸ್ತಿ. ಅದಕ್ಕೇ ತಡೆಗೋಡೆಯಲ್ಲಿ ನೀರು ಹೊರಹೋಗುವ ಪೈಪು, ಹಿಂದೆ ಜಲ್ಲಿ, ಅಗಲವಾದ ಬುಡ ಎಲ್ಲ ಬೇಕಾಗುವುದು. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಗೋಡೆ ಕಟ್ಟುವವರು ನಿಲ್ಲಬೇಕಾದದ್ದು ಆ ಬರೆಯ ಬುಡದಲ್ಲೇ. 2024ರ ಜುಲೈಯಲ್ಲಿ ಬಲ್ಮಠದ ಒಂದು ಕಟ್ಟಡದ ಹೊಂಡದಲ್ಲಿ ಮಣ್ಣು ಜರಿದು ಇಬ್ಬರು ಕಾರ್ಮಿಕರು ಸಿಕ್ಕಿಬಿದ್ದರು. ಒಬ್ಬರನ್ನು ಉಳಿಸಿದರು, ಇನ್ನೊಬ್ಬರು ಸತ್ತರು. ಒಂದು ವರ್ಷವೂ ಆಗಿರಲಿಲ್ಲ. ಕಂಟ್ರಾಕ್ಟರ್‌ಗೂ ಅದು ನೆನಪಿತ್ತು. ಬಲ್ಮಠದ ಹೆಸರು ತೆಗೆದ ಮೇಲೆ ಗೋಡೆಯ ಮಾತು ಬಿಟ್ಟರು.

ಎರಡು ಕಾಗದ

ಇಲ್ಲಿಂದ ಮುಂದಿನದ್ದು ಕಚೇರಿ ಕೆಲಸ. ಪ್ರಕರಣದ ಕಷ್ಟ ಇರುವುದೂ ಇಲ್ಲೇ.

ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ಸ್ ಕಾಯ್ದೆ, 1976ರ 321ನೇ ಕಲಂ ನಮ್ಮ ಕೈಯಲ್ಲಿರುವ ಮುಖ್ಯ ಆಯುಧ. ಪರವಾನಿಗೆ ಇಲ್ಲದೆ ಅಥವಾ ಪರವಾನಿಗೆಗೆ ವಿರುದ್ಧವಾಗಿ ಕೆಲಸ ನಡೆದರೆ ಕಮಿಷನರ್ ಮೊದಲು ತಾತ್ಕಾಲಿಕ ಆದೇಶ ಮಾಡುತ್ತಾರೆ, ಕೆಲಸ ನಿಲ್ಲಿಸಲು ಹೇಳುತ್ತಾರೆ. ಆದೇಶದ ಜೊತೆ ಕಾರಣ ಕೇಳುವ ನೋಟಿಸ್ ಹೋಗುತ್ತದೆ. ಉತ್ತರ ನೋಡಿ ಆದೇಶ ಖಾಯಂ ಮಾಡುವುದು ಆಮೇಲೆ. ಆದರೆ ಈ ಕಲಂ ಹಿಡಿಯುವುದು ತಪ್ಪನ್ನು, ಅಪಾಯವನ್ನಲ್ಲ. ಇಲ್ಲಿ ಕಾಗದದ ಮೇಲೆ ತಪ್ಪು ಅಂತ ಗಟ್ಟಿಯಾಗಿ ಹೇಳಬಹುದಾದದ್ದು ಆ ಒಂದು ಮೀಟರ್ ಮಾತ್ರ. ಸೆಟ್‌ಬ್ಯಾಕ್‌ನಲ್ಲಿ ಕಟ್ಟಡ ಕಟ್ಟಬಾರದು ಅಂತ ನಿಯಮ ಉಂಟು. ಮಣ್ಣು ತೆಗೆಯಬಾರದು ಅಂತ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ.

ಇಂಥ ಕಡೆ ನಮ್ಮವರಿಗೆ ಒಂದು ಆಸೆ ಹುಟ್ಟುತ್ತದೆ. ಎಲ್ಲವನ್ನೂ ಒಂದೇ ನೋಟಿಸ್‌ನಲ್ಲಿ ತುಂಬಿ 'ಅಕ್ರಮವಾಗಿ ಐದು ಮೀಟರ್ ಗುಡ್ಡ ಕಡಿದಿದ್ದೀರಿ' ಅಂತ ಬರೆದುಬಿಡುವುದು. ಓದಲು ಜೋರಾಗಿರುತ್ತದೆ. ಆದರೆ ಎದುರಿನ ವಕೀಲರು ಮಂಜೂರಾದ ನಕ್ಷೆ ಹಿಡಿದು ನಾಲ್ಕು ಮೀಟರಿಗೆ ನಿಮ್ಮದೇ ಸೀಲ್ ಉಂಟು ಅಂತ ತೋರಿಸಿದರೆ ನೋಟಿಸ್ ಅಲ್ಲಿಗೇ ಬಿತ್ತು, ಸರಿ ಇದ್ದ ಒಂದು ಮೀಟರ್ ಕೂಡ ಅದರ ಜೊತೆ ಹೋಯಿತು.

ಹಾಗಾಗಿ ಎರಡು ಕಾಗದ ಮಾಡಿದೆ. ಮೊದಲನೆಯದು ಒಣ ನೋಟಿಸ್. ಸ್ಟಿಲ್ಟ್ ಮಟ್ಟ ನಕ್ಷೆಯಲ್ಲಿ ಇಷ್ಟು, ಜಾಗದಲ್ಲಿ ಇಷ್ಟು, ವ್ಯತ್ಯಾಸ ಒಂದು ಮೀಟರ್, ಕೆಲಸ ನಿಲ್ಲಿಸಿ. ಗುಡ್ಡ, ಮಳೆ, ಮೇಲಿನ ಮನೆ ಯಾವುದೂ ಅದರಲ್ಲಿ ಇಲ್ಲ. ಎರಡನೆಯದು ಕಮಿಷನರ್‌ಗೆ ಅಪಾಯದ ವರದಿ, ತಹಶೀಲ್ದಾರರಿಗೆ ಪ್ರತಿ. ಇದರಲ್ಲಿ ತಪ್ಪು ಯಾರದ್ದು ಅಂತ ಒಂದು ಮಾತೂ ಬರೆಯಲಿಲ್ಲ. ಬರೆಯ ಎತ್ತರ, ಮಣ್ಣಿನ ಬಗೆ, ತೇವದ ಗೆರೆ, ಇಂಗುಗುಂಡಿ, ಬಿರುಕು, ಮನೆಯಲ್ಲಿ ಎಷ್ಟು ಜನ, ಅಷ್ಟೆ. ಲೈಸೆನ್ಸ್ ಇದ್ದರೂ ಇಲ್ಲದಿದ್ದರೂ ಬಿದ್ದರೆ ಬೀಳುವುದು ಅದೇ ಮಣ್ಣು, ಅಲ್ವಾ? ಅಪಾಯ ಕಂಡಾಗ ಕೈ ಹಾಕಲು ಬೇರೆ ದಾರಿಗಳು ಉಂಟು. ವಿಪತ್ತು ನಿರ್ವಹಣಾ ಕಾಯ್ದೆ, 2005ರಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಅಧಿಕಾರ ಇದೆ. ಬೀಳುವ ಸ್ಥಿತಿಯ ಕಟ್ಟಡದಿಂದ ಅಕ್ಕಪಕ್ಕದವರಿಗೆ ಅಪಾಯ ಅಂತಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 152ನೇ ಕಲಂ ಪ್ರಕಾರ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಮಾಡಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133 ಆಗಿತ್ತು.

ನಿರೀಕ್ಷೆಯಂತೆ ವಕೀಲರ ಪತ್ರ ಬಂತು. 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 15 ದಿನ ಸಮಯ ಕೊಡದೆ ಏನೂ ಮಾಡುವ ಹಾಗಿಲ್ಲ ಅಂತ. ತೀರ್ಪು ನಿಜ. ಆದರೆ ಅದು ಹೇಳುವುದು ಕಟ್ಟಡ ಕೆಡವುವ ಬಗ್ಗೆ. ಇಲ್ಲಿ ಕೆಡವಲು ಕಟ್ಟಡವೇ ಇರಲಿಲ್ಲ, ಹೊಂಡ ಇತ್ತು. ನಾವು ಕೇಳಿದ್ದು ಅಗೆಯುವುದನ್ನು ನಿಲ್ಲಿಸಿ ಅಂತ. ನೋಟಿಸ್‌ನಲ್ಲಿ ಒಂದು ಮೀಟರ್ ಬಿಟ್ಟು ಬೇರೇನೂ ಇಲ್ಲದ್ದರಿಂದ ಉತ್ತರ ಕೊಡಲು ಅವರಿಗೂ ಹೆಚ್ಚು ಜಾಗ ಇರಲಿಲ್ಲ. ಕೆಲಸ ನಿಂತಿತು.

ಬುಡಕ್ಕೆ ಮಣ್ಣು

ಕೆಲಸ ನಿಂತರೆ ಅಪಾಯ ಕಮ್ಮಿ ಆಗುವುದಿಲ್ಲ, ಇದನ್ನು ಜನ ಮರೆಯುತ್ತಾರೆ. ಹೊಂಡ ಹಾಗೇ ಬಾಯಿ ತೆರೆದು ಮಳೆಗೆ ಕಾಯುತ್ತದೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಅರ್ಧಕ್ಕೆ ನಿಂತ ಹೊಂಡ ಮುಗಿದ ಕಟ್ಟಡಕ್ಕಿಂತ ಕೆಟ್ಟದ್ದು.

ಮಾಲೀಕರ ಭಾವ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ರನ್ನು ಕರೆತಂದರು. ಅವರು ಹೇಳಿದ್ದು ಸರಳ. ಈಗ ಗೋಡೆ ಬೇಡ. ತೆಗೆದ ಮಣ್ಣನ್ನೇ ವಾಪಸ್ ತಂದು ಬರೆಯ ಬುಡಕ್ಕೆ ಇಳಿಜಾರಾಗಿ ಸುರಿಯಿರಿ, ಹಿಟಾಚಿಯ ಬಕೆಟ್‌ನಿಂದ ಒತ್ತಿರಿ. ಅಂಚಿನ ಮೇಲೆ ಭಾರ ಇಡಬೇಡಿ. ಬರೆಗೆ ತಾರ್ಪಾಲು ಹೊದಿಸಿ. ಮೇಲಿನ ಅಂಗಳದ ನೀರು ಬರೆಯ ಕಡೆ ಬರದ ಹಾಗೆ ಕಣಿ (ಚರಂಡಿ) ಮಾಡಿ. ಹೊಂಡದೊಳಗೆ ಜನ ಇಳಿಯುವುದು ಬೇಡ, ಯಂತ್ರ ಮಾತ್ರ ದೂರದಿಂದ. ಮಾರಿದ ಮಣ್ಣನ್ನು ದುಡ್ಡು ಕೊಟ್ಟು ವಾಪಸ್ ತರಬೇಕಾಯಿತು ಅಂತ ಕಂಟ್ರಾಕ್ಟರ್ ಮುಖ ಊದಿಸಿಕೊಂಡೇ ಇದ್ದರು.

ಮೇಲಿನ ಮನೆಯಲ್ಲಿ ಇನ್ನೂ ಕಷ್ಟ ಆಯಿತು. ಬಚ್ಚಲ ನೀರನ್ನು ಇಂಗುಗುಂಡಿಗೆ ಬಿಡಬೇಡಿ, ಪೈಪ್ ಹಾಕಿ ಆಚೆ ಕಡೆ ಬಿಡಿ ಅಂದದ್ದಕ್ಕೆ ಮಗ ಸಿಟ್ಟಾದರು. "ಅಗೆದದ್ದು ಅವರು, ನೋಟಿಸ್ ನಮಗಾ ಸರ್?" ಆ ಗುಂಡಿ ಅಲ್ಲಿ ಬಹಳ ವರ್ಷದಿಂದ ಇತ್ತು, ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಬುಡದಲ್ಲಿ ಆಧಾರ ಇದ್ದಾಗ ಆ ನೀರು ಲೆಕ್ಕಕ್ಕಿರಲಿಲ್ಲ, ಈಗ ಉಂಟು. ನ್ಯಾಯವಾಗಿ ನೋಡಿದರೆ ಅವರ ಸಿಟ್ಟು ಸರಿಯೇ. ಮಣ್ಣಿಗೆ ನ್ಯಾಯ ಗೊತ್ತಿಲ್ಲ ಅಂತ ಹೇಳಬೇಕು ಅನಿಸಿತು, ಹೇಳಲಿಲ್ಲ. ಕೊನೆಗೆ ಪೈಪ್ ಹಾಕಿದರು.

ಮನೆ ಬಿಟ್ಟು ಸ್ವಲ್ಪ ದಿನ ಬೇರೆ ಕಡೆ ಇರಿ ಅಂದಾಗ ಅಮ್ಮ ನೇರ ಕೇಳಿದರು. "ನಾನು ಮದುವೆಯಾಗಿ ಬಂದ ಮನೆ ಇದು. ಅವರು ಅಗೆದರೆ ನಾನು ಯಾಕೆ ಹೋಗುದು ಮಗಾ?" ಉತ್ತರ ನನ್ನ ಕಾಯ್ದೆಯಲ್ಲಿ ಇರಲಿಲ್ಲ. ಕಂದಾಯ ಇಲಾಖೆಯ ಗ್ರಾಮ ಆಡಳಿತ ಅಧಿಕಾರಿ ಬಂದು ಹೇಳಿದರು, ಅದಕ್ಕೂ ಒಪ್ಪಲಿಲ್ಲ. ಒಪ್ಪಿಸಿದ್ದು ಸಿಮೆಂಟ್ ಪಟ್ಟಿ. ಮೂರರಲ್ಲಿ ನಡುವಿನದ್ದು ಕೂದಲೆಳೆಯಷ್ಟು ಸೀಳಿತ್ತು. ಅಮ್ಮನನ್ನು ಅಂಗಳಕ್ಕೆ ಕರೆದು ತೋರಿಸಿದೆ. ಕನ್ನಡಕ ಹಾಕಿ ಬಗ್ಗಿ ನೋಡಿದರು, ತಾರೀಕು ಓದಿದರು. ಎರಡು ದಿನದಲ್ಲಿ ಎಲ್ಲರೂ ಪಡೀಲಿನ ಮಗಳ ಮನೆಗೆ ಹೋದರು.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಕರಾವಳಿಯಲ್ಲಿ ಆ ವಾರವೇ ಮಳೆ ಹಿಡಿಯಿತು. ಬುಡಕ್ಕೆ ಮಣ್ಣು ಹಾಕುವುದು ಸುಮಾರು ಮುಕ್ಕಾಲು ಭಾಗ ಮುಗಿದಿತ್ತು. ಹಿಂದಿನ ಮೂಲೆ ಬಾಕಿ. ಮೇ 30ರಂದು ಉಳ್ಳಾಲ ತಾಲೂಕಿನ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆ ಮೇಲೆ ಬಿತ್ತು, ಒಂದೇ ಮನೆಯ ಮೂವರು ಸತ್ತರು. ಅದೇ ಮಳೆಗೆ ನಮ್ಮ ಜಾಗದಲ್ಲೂ ಆ ಬಾಕಿ ಮೂಲೆಯ ಬರೆ ಕಂಪೌಂಡ್ ಸಮೇತ ಕೆಳಗೆ ಬಂತು. ಅಂಗಳದ ಬಿರುಕು ಇದ್ದಲ್ಲಿಗೇ ಸರಿಯಾಗಿ ತುಂಡಾಗಿತ್ತು. ಮಣ್ಣು ಹಾಕಿದ ಕಡೆ ಬರೆ ನಿಂತಿತ್ತು. ಮನೆಗೆ ಏನೂ ಆಗಲಿಲ್ಲ. ಹೊಂಡದಲ್ಲೂ ಮನೆಯಲ್ಲೂ ಯಾರೂ ಇರಲಿಲ್ಲ.

ಆಮೇಲೆ

ಮಳೆಗಾಲ ಇಡೀ ಜಾಗ ತಾರ್ಪಾಲಿನಡಿ ಇತ್ತು. ಮಳೆ ನಿಂತ ಮೇಲೆ ಮಣ್ಣು ಪರೀಕ್ಷೆ ಮಾಡಿಸಿ ಕಾಂಕ್ರೀಟ್ ತಡೆಗೋಡೆಯ ವಿನ್ಯಾಸ ತಂದರು. ಸ್ಟಿಲ್ಟ್ ಮಟ್ಟ ಮತ್ತೆ ರಸ್ತೆಯ ಮಟ್ಟಕ್ಕೇ ತಂದ ಪರಿಷ್ಕೃತ ನಕ್ಷೆ ಕೊಟ್ಟರು. ಈ ಸಲ ಸೆಕ್ಷನ್ ಗೆರೆ ಅಡ್ಡಕ್ಕೂ ಎಳೆಯಿರಿ, ಗಡಿಯ ಆಚೆ ಪಕ್ಕದ ಮನೆ ಗೋಡೆಯವರೆಗೆ ತೋರಿಸಿ ಅಂತ ಟಿಪ್ಪಣಿ ಹಾಕಿದೆ. ನಕ್ಷೆ ಮಾಡಿದವರು ಯಾವ ನಿಯಮದಲ್ಲಿ ಉಂಟು ಅಂತ ಕೇಳಿದರು. ನಿಯಮದಲ್ಲಿ ಇಲ್ಲ, ಲೈಸೆನ್ಸ್‌ನ ಹಿಂಬದಿಯಲ್ಲಿ ಪಕ್ಕದ ಆಸ್ತಿಗೆ ಹಾನಿ ಆಗದಂತೆ ನೋಡಿಕೊಳ್ಳಬೇಕು ಅಂತ ಷರತ್ತು ಉಂಟು, ಆ ಷರತ್ತು ಹೇಗೆ ಪಾಲಿಸುತ್ತೀರಿ ಅಂತ ಚಿತ್ರದಲ್ಲಿ ತೋರಿಸಿ ಅಂದೆ. ತೋರಿಸಿದರು. ಈಗ ಇಳಿಜಾರಿನ ಜಾಗದ ಯಾವ ಅರ್ಜಿ ಬಂದರೂ ಇದನ್ನೇ ಕೇಳುತ್ತೇನೆ. ಕೆಲವರು ಕೊಡುತ್ತಾರೆ. ಕೆಲವರು ನನ್ನ ಮೇಲಧಿಕಾರಿಗಳಿಗೆ ಫೋನ್ ಮಾಡಿಸುತ್ತಾರೆ.

ಗೋಡೆಯನ್ನು ಒಮ್ಮೆಗೇ ಕಟ್ಟಲಿಲ್ಲ. ಬುಡದ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಒಂದು ತುಂಡು ಬಿಟ್ಟು ಒಂದು ತುಂಡು ಕಟ್ಟಿದರು. ನಿಧಾನದ ಕೆಲಸ. ಆದರೆ ಬರೆಯ ಉದ್ದಕ್ಕೂ ಒಂದೇ ಸಲ ಆಧಾರ ತಪ್ಪುವುದಿಲ್ಲ.

ಜಗಳ ಉಳಿದದ್ದು ಬಿದ್ದ ಕಂಪೌಂಡ್ ಬಗ್ಗೆ. ಇಂಡಿಯನ್ ಈಸ್‌ಮೆಂಟ್ಸ್ ಕಾಯ್ದೆ, 1882ರ 7ನೇ ಕಲಮಿನ ಉದಾಹರಣೆಗಳಲ್ಲಿ, ಪಕ್ಕದವರ ಮಣ್ಣು ಸಹಜವಾಗಿ ಕೊಡುವ ಆಧಾರ ನಮ್ಮ ನೆಲಕ್ಕೆ ಹಕ್ಕಾಗಿ ಸಿಗಬೇಕು ಅಂತ ಇದೆ. ಮೇಲಿನವರ ವಕೀಲರು ಹಿಡಿದದ್ದು ಅದನ್ನು. ಆದರೆ ಆ ಹಕ್ಕು ನೆಲ ಸಹಜ ಸ್ಥಿತಿಯಲ್ಲಿ ಇರುವಾಗ, ಅಂದರೆ ಅಗೆಯದೆ, ಮೇಲೆ ಕೃತಕ ಭಾರ ಹೇರದೆ ಇರುವಾಗ. ಕಂಪೌಂಡ್, ಮನೆ, ಇಂಗುಗುಂಡಿ ಎಲ್ಲ ಸಹಜ ಸ್ಥಿತಿಯಾ ಅಂತ ಕೆಳಗಿನವರ ವಕೀಲರು ಕೇಳುತ್ತಾರೆ. ಅದು ಸಿವಿಲ್ ಕೋರ್ಟ್ ತೀರ್ಮಾನಿಸಬೇಕಾದ್ದು, ನಮ್ಮ ಕಚೇರಿಯದ್ದಲ್ಲ. ಇಬ್ಬರೂ ನನ್ನ ಅಪಾಯದ ವರದಿಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ತೆಗೆದುಕೊಂಡಿದ್ದಾರೆ. ತಪ್ಪು ಯಾರದ್ದು ಅಂತ ಅದರಲ್ಲಿ ಬರೆದಿಲ್ಲ ಅಂತ ಇಬ್ಬರಿಗೂ ನನ್ನ ಮೇಲೆ ಬೇಸರ.